ಹಳೆಯ ಪಿಕಪ್‌ನಲ್ಲಿ ಗುರ್ ಸದ್ದು: ಬೇರಿಂಗ್ ಬಿಚ್ಚುವ ಮುಂಚೆ ಮಾಡಬೇಕಾದ ಪರೀಕ್ಷೆಗಳು

ಹಳೆಯ ಪಿಕಪ್ ಅಂದ ಮೇಲೆ ಸದ್ದು ಇದ್ದೇ ಇರುತ್ತದೆ. ಬಾಗಿಲು ಗಡಗಡ ಅನ್ನುತ್ತದೆ, ಕ್ಯಾಬಿನ್ ಕಿರುಗುಟ್ಟುತ್ತದೆ, ಹಿಂದಿನ ಬಾಡಿ ಗುಂಡಿ ಸಿಕ್ಕಾಗೆಲ್ಲ ಕುಣಿಯುತ್ತದೆ. ಇಷ್ಟರ ನಡುವೆ ಹೊಸ ಸದ್ದೊಂದು ಸೇರಿಕೊಂಡರೆ ಗೊತ್ತಾಗುವುದೇ ತಡವಾಗಿ. ವೇಗ ಗಂಟೆಗೆ ನಲವತ್ತು ಕಿ.ಮೀ. ದಾಟಿದ ಮೇಲೆ ಗುಂಯ್ ಅಂತ ಶುರುವಾಗಿ, ಅರವತ್ತರ ಹೊತ್ತಿಗೆ ಗುರ್ರ್ ಅಂತ ದಪ್ಪಗಾದರೆ ಕೇಳಿದವರೆಲ್ಲ ಹೇಳುವುದು ಒಂದೇ ಮಾತು: ವೀಲ್ ಬೇರಿಂಗ್, ಅಂದರೆ ಚಕ್ರ ಸಲೀಸಾಗಿ ತಿರುಗಲು ಅದರ ನಡುವೆ ಕೂರಿಸಿದ ರೋಲರ್‌ಗಳ ಬಳೆ, ಹೋಗಿದೆ.

ಇರಬಹುದು. ಆದರೆ ಯಾವ ಚಕ್ರದ್ದು? ನಿಜಕ್ಕೂ ಬೇರಿಂಗೇನಾ, ಇಲ್ಲ ಟೈರಾ, ಎಂಜಿನ್ನಿನ ಬಲವನ್ನು ಹಿಂದಿನ ಎರಡು ಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್ಲಾ? ಇಷ್ಟು ತಿಳಿಯದೆ ಬೇರಿಂಗ್ ಕೊಂಡು ತಂದವರು, ಹಳೆಯದನ್ನು ಕಿತ್ತು ಹೊಸದು ಹಾಕಿ, ಅದೇ ಸದ್ದಿನ ಜೊತೆ ಮನೆಗೆ ಹೋಗುವುದೇ ಜಾಸ್ತಿ.

ಇಲ್ಲಿ ಕಿವಿಯನ್ನು ನಂಬುವ ಹಾಗಿಲ್ಲ. ಪಿಕಪ್‌ನ ಚಾಸಿ ಅಂದರೆ ಮುಂದಿನಿಂದ ಹಿಂದಿನವರೆಗೆ ಹೋಗುವ ಎರಡು ಉಕ್ಕಿನ ತೊಲೆಗಳು. ಹಿಂದಿನ ಎಡ ಚಕ್ರದ ಸದ್ದು ಅದರೊಳಗೆ ಹರಿದು ಬಂದು ನಿಮ್ಮ ಕಾಲಡಿಯಲ್ಲೇ ಕೇಳಿಸುತ್ತದೆ. ಹಿಂದಿನ ಬಾಡಿ ಖಾಲಿ ಇದ್ದರಂತೂ ಸಣ್ಣ ಸದ್ದೂ ದೊಡ್ಡದಾಗುತ್ತದೆ. ಅದಕ್ಕೇ ನನ್ನ ಪ್ರಕಾರ ಸದ್ದು ಎಲ್ಲಿಂದ ಬರ್ತಿದೆ ಅಂತ ಹುಡುಕಬಾರದು. ಏನು ಮಾಡಿದರೆ ಬದಲಾಗುತ್ತೆ ಅಂತ ನೋಡಬೇಕು. ವೇಗ, ರಸ್ತೆ, ಆಕ್ಸಿಲರೇಟರ್, ಚಕ್ರದ ಮೇಲಿನ ಭಾರ. ಈ ನಾಲ್ಕರಲ್ಲಿ ಒಂದನ್ನು ಮಾತ್ರ ಬದಲಿಸಿ, ಮಿಕ್ಕ ಮೂರನ್ನು ಹಾಗೇ ಇಟ್ಟುಕೊಂಡು ಕೇಳಿದರೆ ಸದ್ದೇ ತನ್ನ ವಿಳಾಸ ಹೇಳುತ್ತದೆ.

ಗಾಡಿ ನಿಂತಿರುವಾಗಲೇ ಟೈರ್ ನೋಡಿ

ಬೇರಿಂಗ್ ಸದ್ದು ಅಂತ ಬರುವ ದೂರುಗಳಲ್ಲಿ ಎಷ್ಟೋ ಟೈರ್‌ನದ್ದೇ ಆಗಿರುತ್ತವೆ. ದಪ್ಪ ಕಟ್ಟೆಗಳಿರುವ ಮಣ್ಣುರಸ್ತೆಯ ಟೈರ್ ಆದರೆ ಹೊಸದಿದ್ದಾಗಲೇ ಗುಂಯ್ ಅನ್ನುತ್ತದೆ. ಸವೆದ ಮೇಲೆ ಕೇಳುವುದೇ ಬೇಡ.

ಮೊದಲು ನಾಲ್ಕೂ ಚಕ್ರಕ್ಕೆ ಗಾಳಿ ಸರಿಯಾಗಿದೆಯಾ ನೋಡಿ. ವೀಲ್ ನಟ್‌ಗಳು ಬಿಗಿಯಾಗಿವೆಯಾ ಪರೀಕ್ಷಿಸಿ. ಆಮೇಲೆ ಅಂಗೈಯನ್ನು ಟೈರಿನ ಮೇಲೆ ಇಟ್ಟು, ಉರುಳುವ ದಿಕ್ಕಿನಲ್ಲಿ ಒಮ್ಮೆ, ಅದರ ಎದುರು ದಿಕ್ಕಿನಲ್ಲಿ ಒಮ್ಮೆ ಸವರಿ. ತಂತಿ ಎದ್ದಿದ್ದರೆ ಕೈ ಸೀಳುತ್ತದೆ, ನಿಧಾನ. ಒಂದು ದಿಕ್ಕಿಗೆ ನುಣುಪಾಗಿ, ಇನ್ನೊಂದು ದಿಕ್ಕಿಗೆ ಗರಗಸದ ಹಲ್ಲಿನ ಹಾಗೆ ಕೈಗೆ ತಾಗಿದರೆ ಆ ಟೈರ್ ಸದ್ದು ಮಾಡಿಯೇ ಮಾಡುತ್ತದೆ. ಕೆಲವು ಟೈರ್‌ಗಳು ಅಲ್ಲಲ್ಲಿ ತಗ್ಗು ಬಿದ್ದು ಅಲೆಅಲೆಯಾಗಿ ಸವೆದಿರುತ್ತವೆ. ಅದು ಶಾಕ್ ಅಬ್ಸಾರ್ಬರ್ ಸೋತಿರುವುದರ ಗುರುತು. ಚಕ್ರದಲ್ಲಿ ಪ್ಲೇ, ಅಂದರೆ ಸಡಿಲ ಅಲುಗಾಟ, ಇದ್ದರೂ ಹಾಗೇ ಸವೆಯುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ.

ಅನುಮಾನ ಬಂದರೆ ಮುಂದಿನ ಟೈರ್‌ಗಳನ್ನು ಹಿಂದಕ್ಕೆ, ಹಿಂದಿನವನ್ನು ಮುಂದಕ್ಕೆ ಹಾಕಿ ಓಡಿಸಿ. ನಾಲ್ಕೂ ಒಂದೇ ಅಳತೆಯವಾಗಿದ್ದರೆ ಮಾತ್ರ. ಸದ್ದಿನ ರೀತಿ ಬದಲಾದರೆ ಟೈರ್. ಏನೂ ಬದಲಾಗದಿದ್ದರೆ ಟೈರ್ ಮೇಲಿನ ಅನುಮಾನ ಬಹುಪಾಲು ಹೋಯಿತು.

ರಸ್ತೆಯ ಮೇಲೆ ನಾಲ್ಕು ಪರೀಕ್ಷೆ

ವಾಹನ ಕಡಿಮೆ ಇರುವ, ನೇರವಾದ ಅಗಲ ರಸ್ತೆ ಬೇಕು. ಜೊತೆಗೆ ಒಬ್ಬರಿದ್ದರೆ ಒಳ್ಳೆಯದು, ನೀವು ಓಡಿಸಿ, ಅವರು ಕೇಳಲಿ. ರೇಡಿಯೋ, ಫ್ಯಾನ್ ಎಲ್ಲ ಆಫ್. ಬಾಡಿಯಲ್ಲಿ ಬಿದ್ದಿರುವ ಸರಪಳಿ, ರಾಡು, ಸ್ಪಾನರ್ ಇಳಿಸಿಬಿಡಿ. ಚಕ್ರದಿಂದ ಕಟಕಟ ಸದ್ದು ಬರುತ್ತಿದ್ದರೆ, ಸ್ಟೀರಿಂಗ್ ವಿಪರೀತ ನಡುಗುತ್ತಿದ್ದರೆ, ಗಾಡಿ ಒಂದು ಕಡೆಗೆ ಎಳೆಯುತ್ತಿದ್ದರೆ ಈ ಪರೀಕ್ಷೆಗೆ ಹೋಗಲೇಬೇಡಿ. ನೇರ ಜಾಕ್ ಹಾಕಿ.

ಮೊದಲನೆಯದು ವೇಗ. ನಿಧಾನಕ್ಕೆ ಮೇಲೆ ಹೋಗಿ, ಸದ್ದು ಎಲ್ಲಿ ಶುರುವಾಗುತ್ತೆ ಗಮನಿಸಿ. ಈಗ ಅದೇ ವೇಗದಲ್ಲಿ ಒಂದು ಗೇರ್ ಇಳಿಸಿ. ಎಂಜಿನ್ ಜೋರಾಗಿ ತಿರುಗಿದರೂ ಗುರ್ ಸದ್ದು ಹಾಗೇ ಇದ್ದರೆ ಎಂಜಿನ್ ಅಲ್ಲ. ಮುಂದೆ ನ್ಯೂಟ್ರಲ್‌ಗೆ ತಂದು ಸ್ವಲ್ಪ ದೂರ ಉರುಳಲು ಬಿಡಿ. ಎಂಜಿನ್ ಮಾತ್ರ ಆಫ್ ಮಾಡಬೇಡಿ. ಆಫ್ ಮಾಡಿದರೆ ಬ್ರೇಕ್ ಬೂಸ್ಟರ್ ಕೈಕೊಡುತ್ತದೆ, ಕೀ ತೆಗೆದರೆ ಸ್ಟೀರಿಂಗ್ ಲಾಕ್ ಆಗಬಹುದು. ನ್ಯೂಟ್ರಲ್‌ನಲ್ಲೂ ಸದ್ದು ಉಳಿದು, ವೇಗ ಇಳಿದಂತೆ ತಾನೂ ಇಳಿದರೆ ಅದು ಚಕ್ರದ ಜೊತೆ ತಿರುಗುವ ಯಾವುದೋ ಭಾಗದ್ದು.

ಎರಡನೆಯದು ರಸ್ತೆ. ಡಾಂಬರಿನಿಂದ ಕಾಂಕ್ರೀಟಿಗೆ, ನುಣುಪಿನಿಂದ ಒರಟಿಗೆ ಹೋದಾಗ ಟೈರ್ ಸದ್ದಿನ ಧಾಟಿಯೇ ಬದಲಾಗುತ್ತದೆ. ಬೇರಿಂಗ್‌ಗೆ ಕೆಳಗಿನ ರಸ್ತೆ ಯಾವುದಾದರೂ ಒಂದೇ.

ಮೂರನೆಯದು ಆಕ್ಸಿಲರೇಟರ್. ಒಂದೇ ವೇಗದ ಸುತ್ತಮುತ್ತ ಪೆಡಲ್ ಒತ್ತುವುದು, ಬಿಡುವುದು ಮಾಡಿ. ಒತ್ತಿದಾಗ ಒಂದು ರಾಗ, ಬಿಟ್ಟಾಗ ಇನ್ನೊಂದು ರಾಗ ಬಂದರೆ ಕಣ್ಣು ಡಿಫರೆನ್ಷಿಯಲ್ ಕಡೆ ಹೋಗಬೇಕು. ಅಲ್ಲಿ ಕ್ರೌನ್ (ದೊಡ್ಡ ಹಲ್ಲುಚಕ್ರ) ಮತ್ತು ಅದನ್ನು ತಿರುಗಿಸುವ ಪಿನಿಯನ್ (ಚಿಕ್ಕ ಹಲ್ಲುಚಕ್ರ) ಹಲ್ಲುಗಳ ಒತ್ತಡ ಬದಲಾಗುವುದರಿಂದ ಸದ್ದೂ ಬದಲಾಗುತ್ತದೆ. ಚಕ್ರದ ಬೇರಿಂಗ್‌ಗೆ ಆಕ್ಸಿಲರೇಟರ್ ಬಗ್ಗೆ ಅಷ್ಟಾಗಿ ತಲೆಬಿಸಿ ಇಲ್ಲ.

ನಾಲ್ಕನೆಯದೇ ಮುಖ್ಯ, ಭಾರ. ಸದ್ದು ಚೆನ್ನಾಗಿ ಕೇಳುವ ವೇಗದಲ್ಲಿ, ರಸ್ತೆ ಖಾಲಿ ಇದ್ದಾಗ, ಸ್ಟೀರಿಂಗನ್ನು ಮೆಲ್ಲಗೆ ಎಡಕ್ಕೆ, ಮೆಲ್ಲಗೆ ಬಲಕ್ಕೆ ತಿರುಗಿಸಿ. ಝಾಡಿಸಬೇಡಿ, ಪಿಕಪ್‌ಗೆ ಎತ್ತರ ಜಾಸ್ತಿ. ಬಲಕ್ಕೆ ತಿರುಗಿದಾಗ ಭಾರ ಎಡ ಚಕ್ರಗಳ ಮೇಲೆ ಬೀಳುತ್ತದೆ. ಆಗ ಸದ್ದು ಏರಿದರೆ ಎಡಗಡೆಯ ಬೇರಿಂಗ್, ಎಡಕ್ಕೆ ತಿರುಗಿದಾಗ ಏರಿದರೆ ಬಲಗಡೆಯದ್ದು. ಇನ್ನೊಂದು ಕಡೆಗೆ ತಿರುಗಿದಾಗ ಸದ್ದು ಪೂರ್ತಿ ನಿಂತೇಹೋದರೆ ಅನುಮಾನ ಇನ್ನೂ ಗಟ್ಟಿ.

ಆದರೆ ಈ ನಿಯಮವನ್ನು ಕಣ್ಣುಮುಚ್ಚಿ ನಂಬಬೇಡಿ. ಹಳೆಯ ಪಿಕಪ್‌ನ ಮುಂದಿನ ಹಬ್‌ನಲ್ಲಿ (ಚಕ್ರ ಕೂರುವ ನಡುಭಾಗ) ಸಾಮಾನ್ಯವಾಗಿ ಎರಡು ಟೇಪರ್ ಬೇರಿಂಗ್ (ರೋಲರ್‌ಗಳು ಓರೆಯಾಗಿ ಕೂತವು) ಇರುತ್ತವೆ, ಒಳಗೆ ದೊಡ್ಡದು, ಹೊರಗೆ ಚಿಕ್ಕದು. ತಿರುವಿನಲ್ಲಿ ರಸ್ತೆ ಟೈರನ್ನು ಅಡ್ಡಕ್ಕೂ ತಳ್ಳುತ್ತದೆ. ಆ ತಳ್ಳು ಒಂದು ಚಕ್ರದಲ್ಲಿ ಒಳಗಿನ ಬೇರಿಂಗ್ ಮೇಲೆ ಬಿದ್ದರೆ, ಎದುರು ಚಕ್ರದಲ್ಲಿ ಹೊರಗಿನದ್ದರ ಮೇಲೆ ಬೀಳುತ್ತದೆ. ಹಾಗಾಗಿ ಕೆಲವೊಮ್ಮೆ ಲೆಕ್ಕ ಉಲ್ಟಾ ಆಗುತ್ತದೆ. ಈ ಪರೀಕ್ಷೆಯಿಂದ ಸಿಗುವುದು ಅನುಮಾನ ಮಾತ್ರ, ತೀರ್ಪು ಜಾಕ್ ಹಾಕಿದ ಮೇಲೆ.

ಸದ್ದು ಎಷ್ಟು ತೆಳು, ಎಷ್ಟು ದಪ್ಪ ಅನ್ನುವುದರಿಂದಲೂ ಸುಳಿವು ಸಿಗುತ್ತದೆ. ಟೈರಿನ ಸುತ್ತಳತೆ 2.2 ಮೀಟರ್ ಅಂತ ಇಟ್ಟುಕೊಳ್ಳಿ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಚಕ್ರ ಸೆಕೆಂಡಿಗೆ ಸುಮಾರು ಏಳೂವರೆ ಸುತ್ತು ತಿರುಗುತ್ತದೆ. ಟೈರಿನಲ್ಲಿ ಒಂದೇ ಕಡೆ ಉಬ್ಬು ಇದ್ದರೆ ಸೆಕೆಂಡಿಗೆ ಏಳೆಂಟು ಸಲ ದಬ್ ದಬ್ ಅಂತ ಬಿಡಿಬಿಡಿಯಾಗಿ ಕೇಳುತ್ತದೆ. ಬೇರಿಂಗ್‌ನ ಹೊರಬಳೆಯಾದ ಕಪ್‌ನಲ್ಲಿ ಒಂದು ಗುಳಿ ಬಿದ್ದಿದ್ದರೆ ಹಾದುಹೋಗುವ ಪ್ರತಿ ರೋಲರ್ ಅಲ್ಲಿ ಒಂದು ಏಟು ಕೊಡುತ್ತದೆ. 18 ರೋಲರ್ ಇರುವ ಬೇರಿಂಗ್‌ನಲ್ಲಿ ಒಂದು ಸುತ್ತಿಗೆ ಏಳು ಏಟು, ಅಂದರೆ ಸೆಕೆಂಡಿಗೆ ಐವತ್ತರ ಆಸುಪಾಸು. ಅಷ್ಟು ಏಟು ಒಟ್ಟಿಗೆ ಸೇರಿದರೆ ಅದೇ ಆ ದಪ್ಪ ಗುರ್ ಸದ್ದು. ಪಿನಿಯನ್ ಅನ್ನುವುದು ಚಕ್ರಕ್ಕಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ತಿರುಗುತ್ತದೆ. ಅದಕ್ಕೇ ಅಲ್ಲಿನ ಬೇರಿಂಗ್ ಸದ್ದು ತೆಳ್ಳಗೆ, ಕೊರೆಯುವ ಹಾಗೆ ಇರುತ್ತದೆ.

ಉದ್ದದ ಪಿಕಪ್‌ಗಳಲ್ಲಿ ಗೇರ್‌ಬಾಕ್ಸಿನಿಂದ ಡಿಫರೆನ್ಷಿಯಲ್‌ಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಎರಡು ತುಂಡಾಗಿರುತ್ತದೆ, ನಡುವೆ ರಬ್ಬರ್ ಒಳಗೆ ಕೂತ ಸೆಂಟರ್ ಬೇರಿಂಗ್ ಇರುತ್ತದೆ. ಅದು ಹೋದಾಗಲೂ ಗುರ್ ಅನ್ನುತ್ತದೆ, ಆದರೆ ಸ್ಟೀರಿಂಗ್ ತಿರುಗಿಸಿದರೆ ಬದಲಾಗುವುದಿಲ್ಲ. ಗಾಡಿ ನಿಲ್ಲಿಸಿ ಚಕ್ರಗಳಿಗೆ ತಡೆ ಕೊಟ್ಟು, ಶಾಫ್ಟನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲುಗಿಸಿದರೆ ಸಾಕು, ರಬ್ಬರ್ ಹರಿದಿದ್ದರೆ ಗೊತ್ತಾಗುತ್ತದೆ.

ಬಿಸಿ ನೋಡುವುದು

ಬ್ರೇಕ್ ಆದಷ್ಟು ಕಡಿಮೆ ಹಾಕುತ್ತಾ ಹದಿನೈದು ಇಪ್ಪತ್ತು ನಿಮಿಷ ಓಡಿಸಿ, ಉರುಳುತ್ತಲೇ ಬಂದು ನಿಲ್ಲಿಸಿ. ನಾಲ್ಕೂ ಹಬ್‌ಗಳ ನಡುಭಾಗದ ಬಿಸಿಯನ್ನು ಹೋಲಿಸಿ. ದೂರದಿಂದ ಬಿಸಿ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಅನುಕೂಲ. ಇಲ್ಲದಿದ್ದರೆ ಅಂಗೈಯ ಹಿಂಭಾಗವನ್ನು ಹತ್ತಿರ ಹಿಡಿದು ನೋಡಿ, ಮುಟ್ಟಬೇಡಿ. ಎಡ ಬಲಕ್ಕೆ ಹೋಲಿಸಬೇಕೇ ಹೊರತು ಮುಂದೆ ಹಿಂದೆ ಅಲ್ಲ, ಮುಂದಿನ ಬ್ರೇಕ್ ಸಹಜವಾಗಿಯೇ ಜಾಸ್ತಿ ಬಿಸಿ. ಒಂದು ಚಕ್ರ ಮಾತ್ರ ಕಾದಿದ್ದರೆ ಬೇರಿಂಗೂ ಇರಬಹುದು, ಹಿಡಿದುಕೊಂಡ ಬ್ರೇಕೂ ಇರಬಹುದು. ಹಾಗಾಗಿ ಬಿಸಿಯೊಂದನ್ನೇ ನಂಬಿ ಬಿಚ್ಚಬೇಡಿ. ಇನ್ನೊಂದು ಮಾತು, ಹಾಳಾದ ಬೇರಿಂಗ್ ಶುರುವಿನಲ್ಲಿ ಬರೀ ಸದ್ದು ಮಾಡುತ್ತದೆ, ಕಾಯುವುದಿಲ್ಲ.

ಜಾಕ್ ಹಾಕಿದ ಮೇಲೆ

ಸಮತಟ್ಟಾದ ಗಟ್ಟಿ ನೆಲ. ನೆಲದಲ್ಲೇ ಉಳಿಯುವ ಚಕ್ರಗಳಿಗೆ ಮುಂದೆ ಹಿಂದೆ ಮರದ ತುಂಡು. ಜಾಕ್‌ನಿಂದ ಎತ್ತಿದ ಮೇಲೆ ಸ್ಟ್ಯಾಂಡ್ ಕೊಡಲೇಬೇಕು, ಜಾಕ್ ಒಂದನ್ನೇ ನಂಬಿ ಕೆಳಗೆ ತಲೆ ಹಾಕಬಾರದು. ಒಂದು ಸಂಗತಿ ಮರೆತುಹೋಗುತ್ತದೆ: ಹ್ಯಾಂಡ್ ಬ್ರೇಕ್ ಸಾಮಾನ್ಯವಾಗಿ ಹಿಂದಿನ ಚಕ್ರಗಳಿಗೆ ಮಾತ್ರ. ಹಿಂದಿನ ಚಕ್ರ ಎತ್ತಿದಾಗ ಗಾಡಿಯನ್ನು ಹಿಡಿದಿಡುವುದು ಮುಂದಿನ ಚಕ್ರಕ್ಕೆ ಕೊಟ್ಟ ತಡೆಯೇ.

ಮುಂದಿನ ಚಕ್ರ ಎತ್ತಿ, ಟೈರನ್ನು ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಒಳಗೆ ಹೊರಗೆ ಅಲುಗಿಸಿ. ಟಕ್ ಟಕ್ ಅಂದರೆ ಪ್ಲೇ ಇದೆ. ಆದರೆ ಅದು ಬೇರಿಂಗ್‌ನದ್ದಾ, ಚಕ್ರದ ಭಾಗವನ್ನು ಸಸ್ಪೆನ್ಷನ್‌ಗೆ ಜೋಡಿಸುವ ಬಾಲ್ ಜಾಯಿಂಟ್ ಅಥವಾ ಕಿಂಗ್ ಪಿನ್‌ನದ್ದಾ? ಜೊತೆಗಿರುವವರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲುಗಿಸಿ. ಬ್ರೇಕ್ ಒತ್ತಿದಾಗ ಹಬ್ ಮತ್ತು ಅದು ಕೂತಿರುವ ಸ್ಟಬ್ ಆಕ್ಸಲ್ ಒಂದಾಗಿ ಹಿಡಿದುಕೊಳ್ಳುತ್ತವೆ. ಪ್ಲೇ ಮಾಯವಾದರೆ ಬೇರಿಂಗ್, ಹಾಗೇ ಉಳಿದರೆ ಬಾಲ್ ಜಾಯಿಂಟ್ ಅಥವಾ ಕಿಂಗ್ ಪಿನ್. ಬಹಳ ಸರಳ ಪರೀಕ್ಷೆ, ಆದರೂ ಇದನ್ನು ಮಾಡದೆ ಬೇರಿಂಗ್ ಬದಲಿಸುವವರೇ ಹೆಚ್ಚು. ಅಕ್ಕಪಕ್ಕ ಹಿಡಿದು ಅಲುಗಿಸಿದಾಗ ಮಾತ್ರ ಪ್ಲೇ ಬಂದರೆ ಚಕ್ರವನ್ನು ಸ್ಟೀರಿಂಗ್‌ಗೆ ಜೋಡಿಸುವ ಟೈ ರಾಡ್ ಕಡೆ ನೋಡಿ.

ಟೇಪರ್ ಬೇರಿಂಗ್‌ನಲ್ಲಿ ಕೈಗೆ ತಿಳಿಯುವಷ್ಟು ಕೂದಲೆಳೆಯ ಪ್ಲೇ ಇರುವುದು ಸಹಜ. ಅದನ್ನು ಕಂಡು ಗಾಬರಿಯಾಗಬೇಡಿ. ಹಾಗೆಯೇ ಪ್ಲೇ ಇಲ್ಲ ಅಂದ ಮಾತ್ರಕ್ಕೆ ಬೇರಿಂಗ್ ಚೆನ್ನಾಗಿದೆ ಅಂತಲೂ ಅಲ್ಲ. ಚೆನ್ನಾಗಿ ಗುರ್ ಅನ್ನುವ ಬೇರಿಂಗ್ ಒಂಚೂರೂ ಅಲುಗದೆ ಇರಬಹುದು.

ಅದಕ್ಕೆ ಕೈ ಬೇಕು. ಒಂದು ಕೈಯಿಂದ ಚಕ್ರ ತಿರುಗಿಸುತ್ತಾ ಇನ್ನೊಂದು ಕೈಯನ್ನು ಸಸ್ಪೆನ್ಷನ್ ಸ್ಪ್ರಿಂಗ್ ಮೇಲೆ ಇಡಿ. ಬೇರಿಂಗ್ ಒರಟಾಗಿದ್ದರೆ ಸ್ಪ್ರಿಂಗ್‌ನಲ್ಲಿ ಸಣ್ಣ ನಡುಕ ಬೆರಳಿಗೆ ಗೊತ್ತಾಗುತ್ತದೆ. ಕಿವಿಗೆ ಕೇಳದ್ದು ಬೆರಳಿಗೆ ಸಿಗುತ್ತದೆ, ಇದು ನನಗೆ ಬಹಳ ಇಷ್ಟದ ಪರೀಕ್ಷೆ. ಎದುರು ಚಕ್ರಕ್ಕೂ ಇದನ್ನೇ ಮಾಡಿ ಹೋಲಿಸಿ, ಇಲ್ಲದಿದ್ದರೆ ಯಾವುದು ಸಹಜ ಅಂತ ತಿಳಿಯುವುದಿಲ್ಲ. ಬ್ರೇಕ್ ಪ್ಯಾಡ್ ಸವರುವ ಸದ್ದು ಬೇರೆ, ಅದು ಶ್ಶ್ ಅಂತ ತೆಳ್ಳಗಿರುತ್ತದೆ. ಡಿಸ್ಕ್ ಹಿಂದಿನ ತಗಡಿನ ಒಳಗೆ ಕಲ್ಲು ಸಿಕ್ಕಿಕೊಂಡಿದ್ದರೆ ಕರಕರ ಅನ್ನುತ್ತದೆ, ಅದನ್ನೂ ಒಮ್ಮೆ ನೋಡಿಬಿಡಿ.

ಹಿಂದಿನ ಚಕ್ರದ ಕಥೆ ಬೇರೆ

ಹಿಂದೆ ಗಟ್ಟಿ ಆಕ್ಸಲ್ ಇರುವ ಪಿಕಪ್‌ನಲ್ಲಿ ಬೇರಿಂಗ್ ಆಕ್ಸಲ್ ಟ್ಯೂಬಿನ ತುದಿಯಲ್ಲಿರುತ್ತದೆ. ಕೆಲವದರಲ್ಲಿ ರೋಲರ್‌ಗಳು ನೇರ ಆಕ್ಸಲ್ ಶಾಫ್ಟ್ ಮೇಲೇ ಓಡುತ್ತವೆ. ಅಂಥ ಕಡೆ ಬೇರಿಂಗ್ ಹೋದರೆ ಶಾಫ್ಟ್ ಕೂಡ ಗುಳಿ ಬಿದ್ದಿರುತ್ತದೆ, ಬರೀ ಬೇರಿಂಗ್ ಹಾಕಿದರೆ ಕೆಲಸ ಉಳಿಯುವುದಿಲ್ಲ. ಇನ್ನು ಕೆಲವದರಲ್ಲಿ ಬೇರಿಂಗನ್ನು ಶಾಫ್ಟಿಗೆ ಪ್ರೆಸ್ ಮಾಡಿ ಕಾಲರ್ ಕೂರಿಸಿರುತ್ತಾರೆ. ಅದನ್ನು ತೆಗೆಯಲು ಪ್ರೆಸ್ ಬೇಕು, ಸುತ್ತಿಗೆಯಲ್ಲಿ ಆಗುವ ಕೆಲಸ ಅಲ್ಲ.

ಹಿಂದಿನ ಡ್ರಮ್ ಒಳಭಾಗವನ್ನು ಟಾರ್ಚ್ ಹಾಕಿ ನೋಡಿ. ಗೇರ್ ಆಯಿಲ್ ಸೋರಿ ಬ್ರೇಕ್ ಲೈನರ್ ನೆನೆದಿದ್ದರೆ ಆಯಿಲ್ ಸೀಲ್ ಹೋಗಿದೆ. ಬೇರಿಂಗ್ ಸವೆದು ಶಾಫ್ಟ್ ಓಲಾಡಿದಾಗ ಸೀಲ್ ಮೊದಲು ಸಾಯುತ್ತದೆ, ಹಾಗಾಗಿ ಸೀಲ್ ಒಂದನ್ನೇ ಬದಲಿಸುವ ಮುಂಚೆ ಶಾಫ್ಟನ್ನು ಮೇಲೆ ಕೆಳಗೆ ಅಲುಗಿಸಿ ನೋಡಿ. ಎಣ್ಣೆ ಕುಡಿದ ಲೈನರ್ ತೊಳೆದು ಮತ್ತೆ ಹಾಕಬೇಡಿ. ಎರಡೂ ಕಡೆಯ ಲೈನರ್ ಒಟ್ಟಿಗೆ ಬದಲಿಸಿ. ಡಿಫರೆನ್ಷಿಯಲ್ ಎಣ್ಣೆಯ ಮಟ್ಟ ನೋಡುವ ಪ್ಲಗ್ ಬಿಚ್ಚಿ, ಅದನ್ನೂ ಪರೀಕ್ಷಿಸಿ. ಎಣ್ಣೆ ಕಮ್ಮಿಯಾಗಿದ್ದರೆ ಒಳಗಿನ ಬೇರಿಂಗೂ ಕೂಗುತ್ತಿರಬಹುದು.

ಹಿಂದಿನ ಚಕ್ರ ಎತ್ತಿ ಎಂಜಿನ್‌ನಿಂದ ತಿರುಗಿಸಿ ಕೇಳುವ ಪದ್ಧತಿ ಇದೆ. ಒಬ್ಬರೇ ಇದ್ದಾಗ ಇದು ಬೇಡ. ಎರಡೂ ಚಕ್ರಕ್ಕೆ ಬಲ ಹೋಗುವಂತೆ ಮಾಡುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಇದ್ದು ಒಂದೇ ಚಕ್ರ ಎತ್ತಿದ್ದರೆ, ನೆಲದಲ್ಲಿರುವ ಇನ್ನೊಂದು ಚಕ್ರ ಗಾಡಿಯನ್ನು ಸ್ಟ್ಯಾಂಡಿನಿಂದ ಎಳೆದು ಬೀಳಿಸಬಹುದು. ಮಾಮೂಲಿ ಡಿಫರೆನ್ಷಿಯಲ್‌ನಲ್ಲಿ ಒಂದು ಚಕ್ರ ಎತ್ತಿದರೆ, ಮೀಟರ್ 30 ತೋರಿಸುವಾಗ ಆ ಚಕ್ರ 60ರ ವೇಗದಲ್ಲಿ ತಿರುಗುತ್ತಿರುತ್ತದೆ. ಎರಡೂ ಚಕ್ರ ಎತ್ತಿ, ಗಾಡಿಯನ್ನು ಗಟ್ಟಿಯಾಗಿ ನಿಲ್ಲಿಸಿ, ಒಬ್ಬರು ಬ್ರೇಕ್ ಮೇಲೆ ಕಾಲಿಟ್ಟು ಕೂತಿರುವ ಗ್ಯಾರೇಜಿನಲ್ಲಿ ಮಾತ್ರ ಇದು ಸರಿ. ಮೆಕ್ಯಾನಿಕ್ ಸ್ಟೆತೊಸ್ಕೋಪ್ ಅಥವಾ ಉದ್ದ ಸ್ಕ್ರೂಡ್ರೈವರನ್ನು ಆಕ್ಸಲ್ ಟ್ಯೂಬಿನ ಎರಡೂ ತುದಿಗೆ, ಆಮೇಲೆ ಪಿನಿಯನ್ ಹತ್ತಿರ ಇಟ್ಟು ಕೇಳಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ತಿರುಗುವ ಭಾಗದಿಂದ ತೋಳು, ಕೂದಲು, ಬಟ್ಟೆ ದೂರ ಇರಲಿ.

ಬಿಚ್ಚಿದಾಗ ಏನು ಕಾಣಬೇಕು

ಮುಂದಿನ ಹಬ್ ಬಿಚ್ಚಿದಿರಿ ಅಂತಿಟ್ಟುಕೊಳ್ಳಿ. ಗ್ರೀಸ್ ಒರೆಸುವ ಮುಂಚೆ ಅದನ್ನು ನೋಡಿ. ಹಾಲುಬಣ್ಣಕ್ಕೆ ತಿರುಗಿದ್ದರೆ ನೀರು ಹೋಗಿದೆ. ಕಪ್ಪಗೆ ಸುಟ್ಟ ವಾಸನೆ ಬಂದರೆ ಕಾದಿದೆ. ಬೆರಳಲ್ಲಿ ಉಜ್ಜಿದಾಗ ಹೊಳೆಯುವ ಚೂರುಗಳಿದ್ದರೆ ಲೋಹ ಉದುರಿದೆ. ಆಮೇಲೆ ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ. ಗಾಳಿ ಪೈಪ್ ಹಿಡಿದು ಬೇರಿಂಗನ್ನು ಗಿರ್ರ್ ಅಂತ ತಿರುಗಿಸುವ ಆಸೆ ಎಲ್ಲರಿಗೂ ಬರುತ್ತದೆ, ಬೇಡ. ಒಣ ಬೇರಿಂಗ್ ಹಾಗೆ ತಿರುಗಿದರೆ ಹಾಳಾಗುತ್ತದೆ, ರೋಲರ್ ಕಿತ್ತು ಮುಖಕ್ಕೂ ಸಿಡಿಯಬಹುದು.

ಕಪ್‌ನ ಒಳಮೈ ಬೆಳಕಿಗೆ ಹಿಡಿದು ನೋಡಿ. ಪದರ ಎದ್ದ ಹಾಗೆ ಗುಳಿಗಳಿದ್ದರೆ ಸವೆತ. ರೋಲರ್‌ಗಳ ಅಂತರದಲ್ಲೇ ಸಾಲಾಗಿ ಗೆರೆ ತಗ್ಗುಗಳಿದ್ದರೆ ಯಾವುದೋ ದೊಡ್ಡ ಏಟು ಬಿದ್ದಿದೆ, ಇಲ್ಲವೇ ಗಾಡಿ ಬಹಳ ಕಾಲ ನಿಂತಲ್ಲೇ ಅದುರಿದೆ. ನೀಲಿ ಬಣ್ಣ ಬಂದಿದ್ದರೆ ವಿಪರೀತ ಬಿಸಿ. ಕಣ್ಣಿಗೆ ಏನೂ ಕಾಣದಿದ್ದರೆ ಉಗುರಿನ ತುದಿ ಓಡಿಸಿ. ಉಗುರು ಎಲ್ಲಾದರೂ ತಡೆದರೆ ಸಾಕು, ಅದು ಬದಲಿಸಬೇಕಾದ ಬೇರಿಂಗ್. ಕಪ್ ಹಬ್‌ನೊಳಗೆ ಸಡಿಲವಾಗಿ ತಿರುಗುತ್ತಿದ್ದರೆ ಹಬ್ ಕೂಡ ಹೋಗಿದೆ ಅಂತ ಲೆಕ್ಕ.

ಕೋನ್ (ರೋಲರ್‌ಗಳಿರುವ ಒಳಬಳೆ) ಮಾತ್ರ ಹೊಸದು, ಕಪ್ ಹಳೆಯದು ಅನ್ನುವ ಉಳಿತಾಯ ಬೇಡ. ಎರಡೂ ಜೋಡಿಯಾಗಿಯೇ ಬದಲಾಗಬೇಕು, ಸೀಲ್ ಸಹಿತ. ಗ್ರೀಸನ್ನು ಮೇಲೆ ಬಳಿದರೆ ಸಾಲದು. ಅಂಗೈಯಲ್ಲಿ ಗ್ರೀಸ್ ಇಟ್ಟುಕೊಂಡು ಬೇರಿಂಗ್‌ನ ಅಗಲದ ಬದಿಯಿಂದ ಒತ್ತಿ ಒತ್ತಿ, ಇನ್ನೊಂದು ಬದಿಯಿಂದ ರೋಲರ್‌ಗಳ ನಡುವೆ ಹೊರಬರುವವರೆಗೆ ತುಂಬಬೇಕು. ಹೆಚ್ಚು ಬಿಸಿ ತಡೆಯುವ ವೀಲ್ ಬೇರಿಂಗ್ ಗ್ರೀಸ್ ಬಳಸಿ. ಹಳೆಯದರ ಜೊತೆ ಬೆರೆಸಬೇಡಿ.

ನಟ್ ಬಿಗಿಯುವುದರಲ್ಲೇ ಹೊಸ ಬೇರಿಂಗ್‌ಗಳು ಹೆಚ್ಚು ಸಾಯುತ್ತವೆ. ಹಬ್ ತಿರುಗಿಸುತ್ತಲೇ ನಟ್ ಬಿಗಿದು ರೋಲರ್‌ಗಳನ್ನು ಕೂರಿಸಿ, ಪೂರ್ತಿ ಸಡಿಲಿಸಿ, ಮತ್ತೆ ಬೆರಳಲ್ಲಿ ತಾಗುವಷ್ಟು ಮಾತ್ರ ತಿರುಗಿಸಿ. ಹೀಗೆ ಹೊಂದಿಸುವ ಹಬ್‌ಗಳಲ್ಲಿ ಉಳಿಯಬೇಕಾದ ಪ್ಲೇ ಸಾಮಾನ್ಯವಾಗಿ 0.03ರಿಂದ 0.13 ಮಿ.ಮೀ. ಕೆಲವು ಗಾಡಿಗಳಲ್ಲಿ, ಅದರಲ್ಲೂ ಫೋರ್ ವೀಲ್ ಡ್ರೈವ್‌ಗಳಲ್ಲಿ, ಪ್ಲೇ ಬದಲು ಸ್ವಲ್ಪ ಬಿಗಿ ಕೇಳುತ್ತಾರೆ. ನಿಮ್ಮ ಗಾಡಿಯ ಸರ್ವಿಸ್ ಮ್ಯಾನ್ಯುಯಲ್ ಹೇಳಿದ್ದೇ ಅಂತಿಮ. ನಟ್ ತಿರುಗದಂತೆ ತೂತಿನಲ್ಲಿ ಹಾಕುವ ಸ್ಪ್ಲಿಟ್ ಪಿನ್ ಹೊಸದೇ ಹಾಕಿ. ತೂತು ಸರಿ ಬರದಿದ್ದರೆ, ಮ್ಯಾನ್ಯುಯಲ್ ಬೇರೆ ಹೇಳದ ಹೊರತು, ನಟ್ ಬಿಗಿಯುವ ಕಡೆಗೆ ಅಲ್ಲ, ಸಡಿಲಿಸುವ ಕಡೆಗೆ ತಿರುಗಿಸಿ.

ಅಲ್ಲಿಯವರೆಗೆ ಓಡಿಸಬಹುದಾ?

ಪ್ಲೇ ಇಲ್ಲ, ಬಿಸಿ ಇಲ್ಲ, ಬರೀ ಗುಂಯ್ ಅನ್ನುತ್ತಿದೆ ಅಂದರೆ ಖಾಲಿ ಗಾಡಿಯಲ್ಲಿ ನಿಧಾನಕ್ಕೆ ಗ್ಯಾರೇಜಿನವರೆಗೆ ಹೋಗಬಹುದು. ಲೋಡ್ ಹಾಕಬೇಡಿ. ಚಕ್ರ ಅಲುಗುತ್ತಿದ್ದರೆ, ಕಡಕಡ ಅಂತ ಅರೆಯುವ ಸದ್ದು ಇದ್ದರೆ, ಹಬ್‌ನಿಂದ ಹೊಗೆ ಅಥವಾ ಸುಟ್ಟ ವಾಸನೆ ಬಂದರೆ, ಬ್ರೇಕ್ ಪೆಡಲ್ ಮೊದಲ ಸಲಕ್ಕೆ ಆಳಕ್ಕೆ ಹೋಗಿ ಎರಡನೇ ಸಲಕ್ಕೆ ಸರಿಯಾಗುತ್ತಿದ್ದರೆ ಅಲ್ಲೇ ನಿಲ್ಲಿಸಿ ಎಳೆಸಿಕೊಂಡು ಹೋಗಿ. ಪೆಡಲ್‌ನ ಆ ಲಕ್ಷಣವನ್ನು ಜನ ಬ್ರೇಕ್ ತೊಂದರೆ ಅಂದುಕೊಳ್ಳುತ್ತಾರೆ. ಓಲಾಡುವ ಡಿಸ್ಕ್ ಪ್ಯಾಡ್‌ಗಳನ್ನು ಹಿಂದಕ್ಕೆ ತಳ್ಳಿದಾಗಲೂ ಹಾಗೇ ಆಗುತ್ತದೆ. ಚಕ್ರ ಕಳಚಿ ಹೋಗುವುದು ಸುಮ್ನೆ ಹೆದರಿಸಲು ಹೇಳುವ ಮಾತಲ್ಲ.

ಬೇರಿಂಗ್ ಹಾಕಿದ ಮೇಲೂ ಸದ್ದು ಉಳಿದರೆ

ತಕ್ಷಣ ಮೆಕ್ಯಾನಿಕ್ ಮೇಲೆ ಹಾರಬೇಡಿ. ಮೊದಲು ಆ ಚಕ್ರದ ಟೈರ್ ನೋಡಿ. ಪ್ಲೇ ಇದ್ದ ಬೇರಿಂಗ್ ಜೊತೆ ಬಹಳ ಕಾಲ ಓಡಿದ ಟೈರ್ ಅಲೆಅಲೆಯಾಗಿ ಸವೆದಿರುತ್ತದೆ, ಬೇರಿಂಗ್ ಬದಲಿಸಿದ ಮೇಲೂ ತಾನು ಕಲಿತ ರಾಗ ಹಾಡುತ್ತಲೇ ಇರುತ್ತದೆ. ಅದನ್ನು ಬೇರೆ ಚಕ್ರದ ಜಾಗಕ್ಕೆ ಹಾಕಿ ಓಡಿಸಿ. ಸದ್ದು ಟೈರಿನ ಜೊತೆ ಹೋದರೆ ಉತ್ತರ ಸಿಕ್ಕಿತು. ಹೋಗದಿದ್ದರೆ ಆಕ್ಸಿಲರೇಟರ್ ಪರೀಕ್ಷೆ ಇನ್ನೊಮ್ಮೆ ಮಾಡಿ, ಈ ಸಲ ಕಿವಿ ಪಿನಿಯನ್ ಕಡೆ ಇರಲಿ. ಜೊತೆಗೆ, ಹೊಂದಿಸುವ ಮಾದರಿಯ ಹಬ್ ಆಗಿದ್ದರೆ ನೂರು ಕಿಲೋಮೀಟರ್ ಓಡಿಸಿದ ಮೇಲೆ ಮತ್ತೆ ಜಾಕ್ ಹಾಕಿ ಪ್ಲೇ ನೋಡಿ. ಹೊಸ ಕಪ್ ಪೂರ್ತಿ ಕೂರದೆ ಇದ್ದರೆ ಅಷ್ಟರಲ್ಲಿ ಕೂತು, ನಟ್ ಸಡಿಲಾಗಿರುತ್ತದೆ. ವೀಲ್ ನಟ್‌ಗಳನ್ನೂ ಅದೇ ಹೊತ್ತಿಗೆ ಇನ್ನೊಮ್ಮೆ ಬಿಗಿಯಿರಿ.